ಗಡಿಯ ಚಿತ್ರಕಾರರಿಗೂ ಒಂದು ಮೇಜು

ಕಾಮಿಕ್ ಕಾನ್ ಎಂಬ ಚಿತ್ರಕಥೆಗಳ ಜಾತ್ರೆ ಬೆಂಗಳೂರಿಗೆ ಬಂದದ್ದು 2012ರಲ್ಲಿ. ಹೊಸ ಚಿತ್ರಕಾರರು ಅಲ್ಲಿ ಬಾಡಿಗೆ ತೆತ್ತು ಮೇಜೊಂದನ್ನು ಹಿಡಿದು, ಮೊದಲ ಬಾರಿಗೆ ಅಪರಿಚಿತರ ತೀರ್ಪಿಗೆ ತಮ್ಮನ್ನು ಒಡ್ಡಿಕೊಳ್ಳುತ್ತಾರೆ. ಮಾರಾಟವಾಗುವುದು ನಾಲ್ಕಾರು ಹಾಳೆಗಳೇ ಇರಬಹುದು. ಆದರೆ ತಮ್ಮ ಕೆಲಸದ ಬೆಲೆ ಮನೆಯಲ್ಲಿ ಕುಳಿತು ತಿಳಿಯುವ ಸಂಗತಿಯಲ್ಲ.

ಅಥಣಿಯ ಅಥವಾ ರಾಯಬಾಗದ ಹುಡುಗಿಯೊಬ್ಬಳು ಈ ಪರೀಕ್ಷೆಗೆ ಕೂರಬೇಕಾದರೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಿಸಬೇಕು. ಬಾಡಿಗೆ, ಮುದ್ರಣ, ವಸತಿ ಇವೆಲ್ಲ ಮೊದಲ ಚಿತ್ರ ಮಾರುವ ಮುನ್ನವೇ ಬೀಳುವ ವೆಚ್ಚಗಳು. ಹೀಗಾಗಿ ಪ್ರತಿಭೆಯ ಜರಡಿಗಿಂತ ಮೊದಲು ಹಣದ ಜರಡಿ ಹಿಡಿದಂತಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡಗಳಿಗೆ ಕೊಲ್ಹಾಪುರ, ಸಾಂಗಲಿಗಳೇ ಹತ್ತಿರ. ಬಾಬುರಾವ್ ಪೇಂಟರ್ ಅವರ ಕೊಲ್ಹಾಪುರದ ಕಲಾ ಪರಂಪರೆ ದೊಡ್ಡದು. ನಮ್ಮ ಮಕ್ಕಳು ಅತ್ತ ನಡೆದರೆ ದೂರುವಂತಿಲ್ಲ. ಆದರೆ ಕನ್ನಡದಲ್ಲಿ ಮಾತನಾಡುವ ಚಿತ್ರಕಥೆಗೆ ಅಲ್ಲಿ ಓದುಗರೆಲ್ಲಿ? ಅಥಣಿಯ ಕೈಗಳು ಹೊಲಿದ ಚಪ್ಪಲಿಯೂ ಕೊಲ್ಹಾಪುರದ ಹೆಸರಿನಲ್ಲೇ ಲೋಕಕ್ಕೆ ಪರಿಚಿತ. ಅದರ ಭೌಗೋಳಿಕ ಸೂಚಕದಲ್ಲಿ ಬೆಳಗಾವಿಗೂ ಪಾಲು ದೊರೆತದ್ದು 2019ರಲ್ಲಷ್ಟೇ.

ಪರಿಹಾರಕ್ಕೆ ಮಾದರಿ ನಮ್ಮಲ್ಲೇ ಇದೆ. ಚಿತ್ರಕಲಾ ಪರಿಷತ್ತು ಚಿತ್ರಸಂತೆಯನ್ನು ಆರಂಭಿಸಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯನ್ನೇ ಒಂದು ದಿನದ ಮಟ್ಟಿಗೆ ಗ್ಯಾಲರಿಯಾಗಿಸಿತು. ಲಲಿತಕಲಾ ಅಕಾಡೆಮಿಯೂ ಸ್ಥಳೀಯ ಪುರಸಭೆಯೂ ಮನಸ್ಸು ಮಾಡಿದರೆ ಚಿಕ್ಕೋಡಿಯಲ್ಲಿ ವರ್ಷಕ್ಕೊಂದು ಭಾನುವಾರ ಇಂಥ ಸಂತೆ ಅಸಾಧ್ಯವೇನಲ್ಲ. ಕೊಳ್ಳುವವರು ಯಾರು ಎಂಬ ಪ್ರಶ್ನೆ ಬರುವುದು ಸಹಜ. ಆರಂಭದಲ್ಲಿ ಹೆಚ್ಚು ಮಂದಿ ಇರಲಾರರು. ಆದ್ದರಿಂದಲೇ ಮೊದಲ ಬಾರಿ ಪ್ರದರ್ಶಿಸುವವರಿಂದ ಮೇಜಿನ ಬಾಡಿಗೆ ಪಡೆಯಬಾರದು. ಅಕಾಡೆಮಿಯ ಅನುದಾನ ವೆಚ್ಚವಾಗಬೇಕಾದದ್ದು ಅಲ್ಲಿಯೇ, ಉದ್ಘಾಟನೆಯ ವೇದಿಕೆಗಲ್ಲ.