ಅಕ್ಷರವೋ, ಚಿಹ್ನೆಯೋ?

‘ದೊಡ್ಡಬಳ್ಳಾಪುರ’ ಎಂಬ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಪ್ರಾಥಮಿಕ ಶಾಲೆಯ ಬಾಲಕನು ದೊ, ಡ್ಡ, ಬ, ಳ್ಳಾ, ಪು, ರ ಎಂದು ಬೆರಳು ಮಡಿಸಿ ಆರೆಂದು ಹೇಳಿಬಿಡುತ್ತಾನೆ. ವ್ಯಾಕರಣ ಬಲ್ಲ ಪಂಡಿತರಾದರೋ ದ್, ಒ, ಡ್, ಡ್, ಅ ಎಂದು ಮೊದಲುಮಾಡಿ ಕೊನೆಯವರೆಗೆ ಬಿಡಿಸಿ, ಇಲ್ಲಿರುವ ವರ್ಣಗಳು ೧೪ ಎಂದು ತೋರಿಸುತ್ತಾರೆ. ಕಂಪ್ಯೂಟರನ್ನು ಕೇಳಿದರೆ ಅದು ಈ ಹೆಸರನ್ನು ೧೩ ಸಂಕೇತಗಳಾಗಿ ಬಚ್ಚಿಟ್ಟುಕೊಂಡಿರುತ್ತದೆ. ಅವುಗಳಲ್ಲಿ ಎಂಟು ಮಾತ್ರ ಅಕ್ಷರಗಳೆಂದೂ ಉಳಿದ ಐದು ಅಕ್ಷರಗಳೇ ಅಲ್ಲವೆಂದೂ ನಿಸ್ಸಂಕೋಚವಾಗಿ ತೀರ್ಪು ಕೊಡುತ್ತದೆ. ಒಂದೇ ಹೆಸರು, ಬೇರೆ ಬೇರೆ ಲೆಕ್ಕ. ಬಾಲಕನದೂ ಪಂಡಿತರದೂ ವಿನೋದದ ವಿಷಯವೆಂದು ಬಿಟ್ಟುಬಿಡಬಹುದು. ಯಂತ್ರದ ಲೆಕ್ಕವನ್ನು ಹಾಗೆ ಬಿಡುವಂತಿಲ್ಲ; ಪಡಿತರದ ಪಟ್ಟಿಯಿಂದ ಪರೀಕ್ಷೆಯ ಪಟ್ಟಿಯವರೆಗೆ ಇಂದು ಜನರ ಹೆಸರುಗಳೆಲ್ಲ ಅದರ ಕೈಯಲ್ಲಿವೆ.

ಈ ತೀರ್ಪಿನ ರೀತಿಯನ್ನು ಅರಿಯಲು ಹ್ಯಾಸ್ಕೆಲ್ ಎಂಬ ಪ್ರೋಗ್ರಾಂ ಭಾಷೆ ಒಳ್ಳೆಯ ಸಾಧನ. ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ (೧೯೦೦–೧೯೮೨) ಹೆಸರನ್ನು ಹೊತ್ತ ಈ ಭಾಷೆಯ ಮೊದಲ ನಿರೂಪಣೆ ಹೊರಬಂದದ್ದು ೧೯೯೦ರಲ್ಲಿ. ಇದು ಫಂಕ್ಷನ್‌ಗಳನ್ನೇ ಆಧಾರವಾಗಿ ಉಳ್ಳ ಭಾಷೆ. ಫಂಕ್ಷನ್ ಎಂದರೆ, ಒಂದು ವಸ್ತುವನ್ನು ಒಪ್ಪಿಸಿದರೆ ಒಂದು ಉತ್ತರವನ್ನು ಹಿಂದಿರುಗಿಸುವ ವಿಧಿ. ಅದೇ ವಸ್ತುವಿಗೆ ಇಂದು ಒಂದು, ನಾಳೆ ಇನ್ನೊಂದು ಉತ್ತರವೆಂಬುದು ಅದರಲ್ಲಿಲ್ಲ. ಅಕ್ಷರಗಳ ಜಾತಿಯನ್ನು ವಿಚಾರಿಸುವುದಕ್ಕೆ ಅಲ್ಲಿ ಇಂತಹ ವಿಧಿಗಳ ಒಂದು ಕಟ್ಟೇ ಇದೆ. ‘ಈಸ್‌ಆಲ್ಫಾ’ ಎಂಬುದು ಇದು ಅಕ್ಷರವೆ ಎಂದು ಕೇಳುತ್ತದೆ. ‘ಈಸ್‌ಮಾರ್ಕ್’ ಇದು ಚಿಹ್ನೆಯೆ ಎಂದೂ, ‘ಈಸ್‌ಡಿಜಿಟ್’ ಇದು ಅಂಕೆಯೆ ಎಂದೂ ಕೇಳುತ್ತವೆ. ಉತ್ತರ ಹೌದು ಅಥವಾ ಅಲ್ಲ, ಮೂರನೆಯ ಮಾತಿಲ್ಲ.

ಒಂದು ಪದವನ್ನು ಈ ಭಾಷೆಗೆ ಕೊಟ್ಟು, ‘ಅಕ್ಷರಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಸೋಸಿ ತೆಗೆ’ ಎಂದು ಆಜ್ಞಾಪಿಸಬಹುದು. ಇಂಗ್ಲಿಷ್ ಪದಕ್ಕೆ ಇದರಿಂದ ಏನೂ ಅಪಾಯವಿಲ್ಲ. ನಡುವೆ ಸಿಕ್ಕಿದ ಚುಕ್ಕೆ, ಗೆರೆಗಳು ಬಿದ್ದುಹೋಗಿ ಪದ ಶುದ್ಧವಾಗುತ್ತದೆ. ಆದರೆ ‘ದೊಡ್ಡಬಳ್ಳಾಪುರ’ವನ್ನು ಸೋಸಿದರೆ ಕೆಳಗೆ ಬೀಳುವುದು ‘ದಡಡಬಳಳಪರ’! ಓತ್ವ ಹೋಯಿತು, ಇಳಿ ಹೋಯಿತು, ಕೊಂಬು ಹೋಯಿತು, ಒತ್ತುಗಳೆರಡೂ ಬಿಚ್ಚಿಹೋದುವು. ಅದೇ ತಾಲ್ಲೂಕಿನ ಪ್ರಸಿದ್ಧ ಕ್ಷೇತ್ರವಾದ ಘಾಟಿಯನ್ನು ಸೋಸಿದರೆ ‘ಘಟ’ ಮಾತ್ರ ಕೈಗೆ ಬರುತ್ತದೆ. ದೊಡ್ಡಬಳ್ಳಾಪುರ ಮಗ್ಗಗಳ ಊರು. ಹಾಸು ಇದ್ದು ಹೊಕ್ಕು ಇಲ್ಲದಿದ್ದರೆ ಅದು ಸೀರೆಯಾಗದೆಂಬುದನ್ನು ಅಲ್ಲಿಯ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದ ಪದವೂ ಹಾಗೆಯೇ. ವ್ಯಂಜನ ಹಾಸಾದರೆ ಸ್ವರ ಹೊಕ್ಕು.

ಯಂತ್ರಕ್ಕೆ ಈ ಬುದ್ಧಿ ಬಂದದ್ದೆಲ್ಲಿಂದ? ಹ್ಯಾಸ್ಕೆಲ್ ತನ್ನ ಸ್ವಂತ ಅಭಿಪ್ರಾಯವನ್ನು ಹೇಳುತ್ತಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯ ಪಟ್ಟಿಯನ್ನು ನೋಡಿ ಅದು ಉತ್ತರಿಸುತ್ತದೆ. ಆ ಪಟ್ಟಿಯಲ್ಲಿ ಒಟ್ಟು ೩೦ ವರ್ಗಗಳಿವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಂದು ವರ್ಗ, ಚಿಕ್ಕಕ್ಷರಗಳಿಗೆ ಇನ್ನೊಂದು. ಆ ಭೇದವಿಲ್ಲದ ಕನ್ನಡದ ಅ, ಇ, ಕ, ಳ ಮೊದಲಾದುವಕ್ಕೆ ಸಿಕ್ಕಿರುವುದು ‘ಇತರ ಅಕ್ಷರ’ ಎಂಬ ವರ್ಗ. ಇತರವೆಂದರೂ ಅಕ್ಷರವೆಂಬ ಮರ್ಯಾದೆ ಉಂಟು. ಗುಡಿಸು, ಕೊಂಬು, ಏತ್ವ, ಹಲಂತಗಳಿಗೆ ಅದೂ ಇಲ್ಲ; ಅವು ‘ಚಿಹ್ನೆ’ಗಳ ವರ್ಗಕ್ಕೆ ಸೇರಿವೆ. ಶಾಲೆಯ ವ್ಯಾಕರಣವು ೧೩ ಸ್ವರ, ೩೪ ವ್ಯಂಜನಗಳ ಜೊತೆಗೆ ಅನುಸ್ವಾರ ವಿಸರ್ಗಗಳೆಂಬ ಎರಡು ಯೋಗವಾಹಗಳನ್ನೂ ಸೇರಿಸಿಕೊಂಡು ೪೯ ಅಕ್ಷರಗಳೆಂದು ಕಲಿಸುತ್ತದೆ. ಯೂನಿಕೋಡಿನಲ್ಲಿ ಆ ಯೋಗವಾಹಗಳೂ ಚಿಹ್ನೆಗಳೇ.

ಇದನ್ನು ಪರದೇಶದವರ ಅಜ್ಞಾನವೆಂದು ಹಳಿಯುವುದು ಸುಲಭ; ಆದರೆ ನ್ಯಾಯವಲ್ಲ. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಅದರಲ್ಲಿದ್ದ ಭಾರತೀಯ ಲಿಪಿಗಳ ಏರ್ಪಾಡಿಗೆ ಮಾದರಿಯಾದದ್ದು ನಮ್ಮ ದೇಶದಲ್ಲಿಯೇ ಸಿದ್ಧವಾಗಿದ್ದ ‘ಇಸ್ಕಿ’ ಎಂಬ ಸಂಕೇತ ಪದ್ಧತಿ. ಬರೆಯುವ ಕೈಯನ್ನು ಅನುಸರಿಸಿದ ಪದ್ಧತಿಯದು. ‘ಕ’ ಎಂಬುದು ತನ್ನೊಳಗೆ ಅಕಾರವನ್ನು ಇಟ್ಟುಕೊಂಡಿರುತ್ತದೆ. ಗುಡಿಸು ಬಂದರೆ ಅಕಾರ ಜಾರಿ ಇಕಾರ ನಿಲ್ಲುತ್ತದೆ. ಹಲಂತ ಬಂದರೆ ಸ್ವರವೇ ಅಳಿಯುತ್ತದೆ. ಕ್ ಮತ್ತು ಇ ಕೂಡಿ ‘ಕಿ’ ಆಯಿತೆನ್ನುವ ವೈಯಾಕರಣನು ಕಿವಿಗೆ ಕೇಳುವ ಅಕ್ಷರವನ್ನು ಕುರಿತು ಹೇಳುತ್ತಾನೆ. ‘ಕ’ದ ಮೇಲೆ ಗುಡಿಸು ಬಂದು ‘ಕಿ’ ಆಯಿತೆನ್ನುವ ಯಂತ್ರವು ಕಣ್ಣಿಗೆ ಕಾಣುವ ಅಕ್ಷರವನ್ನು ಕುರಿತು ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನೂ ಮೊದಲಿಗೆ ಅಕ್ಷರಗಳನ್ನೇ ವಿಂಗಡಿಸಬೇಕಾಯಿತು. ವಿಂಗಡಣೆ ಎಲ್ಲ ಶಾಸ್ತ್ರಗಳಿಗೂ ಬೇಕು. ಯಾವ ಕೆಲಸಕ್ಕಾಗಿ ವಿಂಗಡಿಸಿದರು ಎಂಬುದನ್ನು ಮರೆತಾಗಲೇ ಅನರ್ಥ.

ಆ ಅನರ್ಥ ಆಗುವುದು ಹೀಗೆ. ಅರ್ಜಿಯ ನಮೂನೆಯೊಂದನ್ನು ಸಿದ್ಧಪಡಿಸುವವನು ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರತಕ್ಕದ್ದು’ ಎಂಬ ನಿಯಮವನ್ನು ವಿಧಿಸುತ್ತಾನೆ. ಅಂಕೆಗಳೂ ಅಡ್ಡಗೆರೆಗಳೂ ನುಸುಳದಿರಲಿ ಎಂಬುದು ಅವನ ಸದುದ್ದೇಶ. ಆ ನಿಯಮದ ಬಾಗಿಲಲ್ಲಿ ಭರತನಿಗೆ ಪ್ರವೇಶ ಉಂಟು; ಕಮಲಳಿಗೂ ಉಂಟು; ಅವರ ಹೆಸರುಗಳಲ್ಲಿ ತಲೆಕಟ್ಟಿನ ಹೊರತು ಬೇರೇನೂ ಇಲ್ಲ. ಮುನಿಯಮ್ಮ ಬಂದರೆ ‘ನಿನ್ನ ಹೆಸರು ಹೆಸರಲ್ಲ’ ಎಂದು ಯಂತ್ರ ಹಿಂದಕ್ಕೆ ಕಳುಹಿಸುತ್ತದೆ. ಸೋಸುವ ಯಂತ್ರವಾದರೆ ಇನ್ನೂ ಕೇಡು. ಅದು ಮಾತಿಲ್ಲದೆ ಆಕೆಯನ್ನು ‘ಮನಯಮಮ’ ಎಂದು ಬರೆದುಕೊಳ್ಳುತ್ತದೆ. ಗೌರಿ, ಗಿರಿ, ಗುರು ಎಂಬ ಮೂವರು ಬಂದರೆ ಮೂವರೂ ‘ಗರ’ ಎಂಬ ಒಬ್ಬನೇ ಆಗುತ್ತಾರೆ. ಆ ಮೇಲೆ ಯಾರ ಪಡಿತರ ಯಾರಿಗೆ ಸಲ್ಲಬೇಕು?

ಅಂಕೆಗಳ ಕಥೆಯೂ ಇಂತಹುದೇ. ಹ್ಯಾಸ್ಕೆಲಿನ ‘ಈಸ್‌ಡಿಜಿಟ್’ ಇಂಗ್ಲಿಷ್ ಅಂಕೆಗಳು ಹತ್ತನ್ನು ಬಿಟ್ಟರೆ ಬೇರಾವುದನ್ನೂ ಅಂಕೆಯೆಂದು ಒಪ್ಪುವುದಿಲ್ಲ. ದೊಡ್ಡಬಳ್ಳಾಪುರದ ಅಂಚೆ ಸಂಖ್ಯೆಯನ್ನು ೫೬೧೨೦೩ ಎಂದು ಕನ್ನಡದಲ್ಲಿ ಬರೆದರೆ ಅದು ಆರಕ್ಕೆ ಆರನ್ನೂ ತಿರಸ್ಕರಿಸುತ್ತದೆ. ಪಕ್ಕದಲ್ಲಿಯೇ ಇರುವ ‘ಈಸ್‌ನಂಬರ್’ ಎಂಬ ಇನ್ನೊಂದು ವಿಧಿ ಅವೇ ಆರನ್ನೂ ಸ್ವಾಗತಿಸುತ್ತದೆ. ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಬಲ್ಲವನಿಗೆ ಕಷ್ಟವಿಲ್ಲ.

ಅಕ್ಷರಗಳ ವಿಷಯದಲ್ಲಿಯೂ ಪರಿಹಾರ ಇದೇ ದಾರಿಯಲ್ಲಿದೆ. ಆದರೆ ಅರೆಮನಸ್ಸಿನ ಪರಿಹಾರ ಸಾಲದು. ಯೂನಿಕೋಡಿನಲ್ಲಿ ‘ವರ್ಣಮಾಲೆಗೆ ಸೇರಿದ್ದು’ ಎಂಬ ಬೇರೊಂದು ಲಕ್ಷಣವೂ ಇದೆ. ಕೆಲವು ಪ್ರೋಗ್ರಾಂ ಭಾಷೆಗಳು ಅದನ್ನು ನಂಬುತ್ತವೆ. ಅದು ಸ್ವರಚಿಹ್ನೆಗಳನ್ನು ಒಳಗೆ ಬಿಡುತ್ತದೆ, ಹಲಂತವನ್ನು ಮಾತ್ರ ಹೊರಗೆ ನಿಲ್ಲಿಸುತ್ತದೆ. ಆಗ ಊರಿನ ಹೆಸರು ‘ದೊಡಡಬಳಳಾಪುರ’ ಎಂದಾಗುತ್ತದೆ. ಕೊಂಬು, ಇಳಿಗಳು ಉಳಿದರೂ ಒತ್ತು ಉಳಿಯಲಿಲ್ಲ. ಒತ್ತಿಲ್ಲದ ಕನ್ನಡ ಎಂತಹ ಕನ್ನಡ?

ಆದಕಾರಣ ‘ಇದು ಅಕ್ಷರವೆ?’ ಎಂದು ಕೇಳುವುದನ್ನು ಬಿಟ್ಟು, ‘ಇದು ಅಕ್ಷರವೆ, ಅಥವಾ ಅಕ್ಷರವನ್ನು ಆಶ್ರಯಿಸಿದ ಚಿಹ್ನೆಯೆ?’ ಎಂದು ಕೇಳಬೇಕು. ಎರಡು ಚಿಕ್ಕ ವಿಧಿಗಳನ್ನು ಕೂಡಿಸಿ ಮೂರನೆಯದನ್ನು ಕಟ್ಟುವುದು ಹ್ಯಾಸ್ಕೆಲಿನಲ್ಲಿ ಒಂದು ಸಾಲಿನ ಕೆಲಸ. ಆ ಒಂದು ಸಾಲಿನಿಂದ ಮುನಿಯಮ್ಮನ ಹೆಸರು ಇಡಿಯಾಗಿ ಉಳಿಯುತ್ತದೆ. ಅದಾದ ಮೇಲೂ ಒಂದು ಸೂಕ್ಷ್ಮ ಉಳಿದಿದೆ. ಚಿತ್ರನಟ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಜ್’ ಮತ್ತು ‘ಕು’ಗಳು ಒತ್ತಾಗಿ ಬೆಸೆದುಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತಾರೆ. ಅದು ಅಕ್ಷರವೂ ಅಲ್ಲ, ಚಿಹ್ನೆಯೂ ಅಲ್ಲ. ಬರಹದ ವಿನ್ಯಾಸಕ್ಕೆ ಸೇರಿದ ಬೇರೆಯೇ ವರ್ಗ. ಅದನ್ನು ಸೋಸಿಬಿಟ್ಟರೆ ಉಳಿಯುವುದು ‘ರಾಜ್ಕುಮಾರ್’. ಕಾಣದುದಕ್ಕೂ ನಿಯಮದಲ್ಲಿ ಒಂದು ಸ್ಥಳ ಬೇಕು.

ಇವೆಲ್ಲ ದೊಡ್ಡ ಪಾಂಡಿತ್ಯವನ್ನು ಬೇಡುವ ಸಂಗತಿಗಳಲ್ಲ. ಕಾಗುಣಿತವನ್ನು ತಿದ್ದಿದ ಪ್ರತಿಯೊಬ್ಬರಿಗೂ ಗುಡಿಸು ಕಿತ್ತರೆ ‘ಕಿ’ ಉಳಿಯದೆಂಬುದು ಗೊತ್ತು. ಯಂತ್ರ ಸುಳ್ಳು ಹೇಳುವುದಿಲ್ಲ; ಕೇಳಿದ ಪ್ರಶ್ನೆಗೆ ತನ್ನ ಪಟ್ಟಿಯಲ್ಲಿದ್ದ ಉತ್ತರವನ್ನು ಕೊಡುತ್ತದೆ. ಕನ್ನಡಕ್ಕೆ ಒಪ್ಪುವ ಪ್ರಶ್ನೆಯನ್ನು ಅದಕ್ಕೆ ಹೇಳಿಕೊಡುವ ಹೊಣೆ ಕನ್ನಡ ಬಲ್ಲವರದು. ತಾಲ್ಲೂಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿರುವ ತರುಣ ತರುಣಿಯರು ಇಂಗ್ಲಿಷಿನ ಉದಾಹರಣೆಗಳಲ್ಲಿ ಪರೀಕ್ಷೆ ಮಾಡಿ ತೃಪ್ತರಾಗದೆ ತಮ್ಮ ತಾಯಂದಿರ ಹೆಸರುಗಳನ್ನು ಒಮ್ಮೆ ಯಂತ್ರಕ್ಕೆ ಕೊಟ್ಟು ನೋಡಲಿ. ಹೆಸರು ಹೋದಂತೆಯೇ ಹಿಂದಿರುಗಿ ಬಂದರೆ ಅವರ ಪ್ರೋಗ್ರಾಂ ಆ ಮಟ್ಟಿಗೆ ಕನ್ನಡ ಕಲಿತಿದೆ ಎನ್ನಬಹುದು.