ಶಿಸ್ತಿಗೆ ಅಂಕ ಕೊಟ್ಟವರಾರು?

ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಕದನಗಳನ್ನು ಮತ್ತೆ ಆಡುವ ಹವ್ಯಾಸವೊಂದಿದೆ. ‘ಆಟ ತಾನೇ, ಬಿಡಿ’ ಎನ್ನುವವರ ಜೊತೆ ನನ್ನ ತಕರಾರಿದೆ.

ಈಚೆಗೆ 1780ರ ಪೊಲ್ಲಿಲೂರು ಕದನ ಆಡಿದೆವು. ನಮ್ಮ ಕೈಲಿದ್ದ ನಿಯಮಾವಳಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗೆ ‘ಶಿಸ್ತು’ ಎಂದು ಅಂಕ ಕೂಡಿಸಿತ್ತು. ಮೈಸೂರಿನ ಪಡೆಗೆ ‘ಚಂಚಲ’ ಎಂದು ಕಳೆದಿತ್ತು. ಹಾಗಾದರೆ ಕರ್ನಲ್ ಬೇಲಿ ಸೋತದ್ದು ಹೇಗೆ? ದಾಳ ಕೈಕೊಟ್ಟಿತು, ಅಷ್ಟೇ!

ನಡೆದದ್ದು ಬೇರೆ. ತುಂಬಿ ಹರಿಯುತ್ತಿದ್ದ ಕೊರ್ತಲೈಯಾರ್ ನದಿ ಬೇಲಿಯನ್ನು ದಿನಗಟ್ಟಲೆ ತಡೆಯಿತು. ಅವನನ್ನು ಅಡ್ಡಗಟ್ಟಲು ಹೈದರ್ ಟಿಪ್ಪುವನ್ನು ಕಳಿಸಿದ. ಕಾಂಚೀಪುರದಲ್ಲಿದ್ದ ಹೆಕ್ಟರ್ ಮನ್ರೋ ಹೊತ್ತಿಗೆ ಸರಿಯಾಗಿ ನೆರವಿಗೆ ಹೋಗಲಿಲ್ಲ. ಸೆಪ್ಟೆಂಬರ್ 10ರಂದು ಅಪ್ಪ ಮಗ ಸೇರಿ ಬೇಲಿಯನ್ನು ಸುತ್ತುವರಿದರು; ಅವನ ಮದ್ದಿನ ಬಂಡಿಗಳು ಸಿಡಿದವು. ದೂರ, ಮಳೆ, ಸುದ್ದಿ, ವೇಗ: ಸೋಲು ಗೆಲುವನ್ನು ತೀರ್ಮಾನಿಸಿದ್ದು ಇವು. ನಿಯಮದಲ್ಲಿ ಇವಕ್ಕೆ ಜಾಗ ಬೇಕು.

ಅದೇನೂ ಕಷ್ಟವಲ್ಲ. 1824ರಲ್ಲೇ ಪ್ರಷ್ಯಾದ ರೈಸ್‌ವಿಟ್ಸ್ ತನ್ನ ಯುದ್ಧದಾಟದಲ್ಲಿ ತೀರ್ಪುಗಾರನನ್ನು ಕೂರಿಸಿದ್ದ. ಕಣ್ಣಿಗೆ ಬೀಳದ ಶತ್ರುವನ್ನು ನಕಾಶೆಯ ಮೇಲೆ ಇಡುತ್ತಿರಲಿಲ್ಲ. ಬೇಲಿಯಾಗಿ ಆಡುವವನಿಗೂ ಹೈದರ್ ಕಾಣದಿರಲಿ. ಮನ್ರೋ ಬರುತ್ತಾನೋ ಇಲ್ಲವೋ ತಿಳಿಯದಿರಲಿ.

ನಮ್ಮವರಿಗೂ ಒಂದು ಮಾತು: ಅಭಿಮಾನಕ್ಕೆ ಬಿದ್ದು ಮೈಸೂರಿನ ರಾಕೆಟ್ಟನ್ನು ಬ್ರಹ್ಮಾಸ್ತ್ರ ಮಾಡಬೇಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿನ ಪೊಲ್ಲಿಲೂರು ಚಿತ್ರ ಗೆದ್ದವರು ಬರೆಸಿದ್ದು. ಅದನ್ನೂ ಪ್ರಶ್ನಿಸಿಯೇ ನೋಡಬೇಕು. ಅಂಕ ಕೊಡುವ ಮುನ್ನ ಪಕ್ಕದಲ್ಲಿ ಕಾರಣ ಬರೆಯಿರಿ. ಕಾರಣ ಸಿಗದಿದ್ದರೆ ಅಂಕ ಅಳಿಸಿ.