ನಂಬಿಕೆಗೆ ಮೂವತ್ತು ದಿನದ ನೋಟಿಸು

ಬೆಳಗಾವಿಯ ವಡಗಾವಿಯಲ್ಲಿ ಮಂಗಾಯಿ ದೇವಿಗೆ ಆಷಾಢದ ಜಾತ್ರೆಯಲ್ಲಿ ಹರಕೆ ಸಲ್ಲಿಸುವವರಲ್ಲಿ ಎಷ್ಟು ಮಂದಿ ಶಾಸ್ತ್ರ ಓದಿ, ತೂಗಿ ನೋಡಿ ಆ ದೇವಿಯನ್ನು ಆರಿಸಿಕೊಂಡಿರುತ್ತಾರೆ? ಅಜ್ಜಿ ಕೈಮುಗಿದಳು, ಮೊಮ್ಮಗನೂ ಕೈಮುಗಿದ. ನಮ್ಮಲ್ಲಿ ಬಹುತೇಕರ ಧರ್ಮ ಹೀಗೆ ಮನೆಯಿಂದಲೇ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಮಗ್ಗದ ಕೆಲಸವನ್ನೂ ಹಾಗೇ ಕಲಿತವರ ಬಡಾವಣೆ ಇದು.

ಬೇರೆ ದಾರಿ ಹಿಡಿಯುವವರೂ ಇದ್ದಾರೆ. ಕಾಯಿಲೆ, ಮದುವೆ, ಅವಮಾನ, ಒಬ್ಬ ಒಳ್ಳೆಯ ನೆರೆಯವ. ಕಾರಣ ಯಾವುದಾದರೂ ಆಗಬಹುದು. ಅಂಬೇಡ್ಕರ್ ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಅಂಥ ಪಂಡಿತನಿಗೇ ಇಪ್ಪತ್ತೊಂದು ವರ್ಷ ಹಿಡಿಯಿತು.

ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ಒಪ್ಪಿದ ಮತಾಂತರ ನಿಷೇಧ ಮಸೂದೆ ಮಾತ್ರ ಈ ನಿಧಾನದ ಪಯಣವನ್ನು ಅರ್ಜಿ ನಮೂನೆಗೆ ಇಳಿಸಿತು. ಆ ಮಸೂದೆಯ ಪ್ರಕಾರ ಮತಾಂತರವಾಗುವವನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಫಲಕಕ್ಕೆ ಹಚ್ಚಿ ಆಕ್ಷೇಪಣೆ ಕರೆಯಬೇಕು. ಅವನನ್ನು ಹೆದರಿಸುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಬಲವಂತ, ಮೋಸಕ್ಕೆ ಶಿಕ್ಷೆಯಾಗಲಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಂತ ಮನಸ್ಸಿನಿಂದ ನಂಬುವವನ ಹೆಸರನ್ನು ಕಚೇರಿ ಗೋಡೆಗೆ ಅಂಟಿಸುವ ನಿಯಮವನ್ನು ಯಾವ ಪಕ್ಷದ ಸರ್ಕಾರ ತಂದರೂ ಅದು ಸಂವಿಧಾನದ 25ನೇ ವಿಧಿಯ ಆಶಯಕ್ಕೆ ವಿರುದ್ಧ.